ಔಟ್‌ಲುಕ್‌ನ ಕಸ್ಟಮ್ ಫಾರ್ಮ್ ಕೈಕೊಟ್ಟಾಗ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಮೈಕ್ರೋಸಾಫ್ಟ್‌ನ ಮೇಲ್ ಸಾಫ್ಟ್‌ವೇರ್ ಆದ ಔಟ್‌ಲುಕ್‌ನಲ್ಲಿ ಕಸ್ಟಮ್ ಫಾರ್ಮ್, ಅಂದರೆ ನಮ್ಮ ಅಗತ್ಯಕ್ಕೆ ತಕ್ಕಂತೆ ನಾವೇ ವಿನ್ಯಾಸ ಮಾಡಿಕೊಂಡ ಫಾರ್ಮ್, ಕೆಟ್ಟರೆ ಅದು ಬೇರೆ ಬೇರೆ ರೀತಿಯಲ್ಲಿ ಕಾಣಿಸಿಕೊಳ್ಳುತ್ತದೆ. ಕೆಲವೊಮ್ಮೆ ಫಾರ್ಮ್ ತೆರೆಯಲು ಆಗಲಿಲ್ಲ, ಅದರ ಬದಲು ಔಟ್‌ಲುಕ್‌ನದೇ ಫಾರ್ಮ್ ಬಳಸುತ್ತೇವೆ ಎಂಬ ಸಂದೇಶ ಬರುತ್ತದೆ. ಕೆಲವೊಮ್ಮೆ ಯಾವ ಸಂದೇಶವೂ ಇಲ್ಲದೆ ಮಾಮೂಲಿ ಮೇಲ್ ಕಿಟಕಿ ತೆರೆದುಕೊಳ್ಳುತ್ತದೆ. ಇನ್ನು ಕೆಲವೊಮ್ಮೆ ಫಾರ್ಮ್ ಚೆನ್ನಾಗಿಯೇ ತೆರೆಯುತ್ತದೆ, ಆದರೆ ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಇಲ್ಲವೇ ತುಂಬಿದ ಮಾಹಿತಿ ಕಳಿಸಿದ ಮೇಲೆ ಮಾಯವಾಗಿರುತ್ತದೆ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಎಂದರೆ ಫಾರ್ಮ್ ತೆಗೆದು ಮತ್ತೆ ಪಬ್ಲಿಷ್ ಮಾಡುವುದು (ಅಂದರೆ ಔಟ್‌ಲುಕ್‌ನ ಫಾರ್ಮ್ ಸಂಗ್ರಹಕ್ಕೆ ಸೇರಿಸುವುದು) ಅಥವಾ ಇಡೀ ಆಫೀಸ್ ಪ್ಯಾಕೇಜ್ ಮತ್ತೆ ಇನ್‌ಸ್ಟಾಲ್ ಮಾಡುವುದು. ದಯವಿಟ್ಟು ಅಲ್ಲಿಂದ ಶುರುಮಾಡಬೇಡಿ. ಫಾರ್ಮ್ ಮುಟ್ಟುವ ಮುಂಚೆ ಒಂದು ವಿಷಯ ಖಚಿತವಾಗಬೇಕು. ಈ ಐಟಂ (ಮೇಲ್, ಸಂಪರ್ಕ, ಟಾಸ್ಕ್, ಹೀಗೆ ಯಾವುದೇ ಒಂದು ದಾಖಲೆ) ಯಾವ ಫಾರ್ಮ್ ಕೇಳುತ್ತಿದೆ, ಔಟ್‌ಲುಕ್ ಅದನ್ನು ಎಲ್ಲಿಂದ ತಂದು ತೋರಿಸುತ್ತಿದೆ? ಈ ಉತ್ತರ ಸಿಕ್ಕಿದರೆ ಅರ್ಧಕ್ಕಿಂತ ಜಾಸ್ತಿ ದೋಷಗಳು ತಾವಾಗಿಯೇ ಬಯಲಾಗುತ್ತವೆ. ಅದು ಗೊತ್ತಿಲ್ಲದೆ ಮಾಡಿದ ರಿಪೇರಿ ಹೊಸ ಪ್ರತಿಗಳನ್ನು ಹುಟ್ಟಿಸುತ್ತದೆ, ಗೊಂದಲ ಇನ್ನೂ ಬೆಳೆಯುತ್ತದೆ.

ಮೊದಲು ನೋಡಬೇಕಾದ್ದು: ಯಾವ ಔಟ್‌ಲುಕ್?

ಕಸ್ಟಮ್ ಫಾರ್ಮ್ ಕೆಲಸ ಮಾಡುವುದು ವಿಂಡೋಸ್‌ನ ಹಳೆಯ, ಅಂದರೆ ಕ್ಲಾಸಿಕ್ ಔಟ್‌ಲುಕ್‌ನಲ್ಲಿ ಮಾತ್ರ. ವಿಂಡೋಸ್‌ಗೆ ಬಂದಿರುವ ಹೊಸ ಔಟ್‌ಲುಕ್, ಬ್ರೌಸರ್‌ನ ಔಟ್‌ಲುಕ್, ಮ್ಯಾಕ್‌ನ ಔಟ್‌ಲುಕ್, ಫೋನಿನ ಆ್ಯಪ್, ಇವು ಯಾವುವೂ ಈ ಫಾರ್ಮ್‌ಗಳನ್ನು ತೋರಿಸುವುದಿಲ್ಲ. "ನಿನ್ನೆವರೆಗೂ ಸರಿಯಿತ್ತು, ಇವತ್ತು ಫಾರ್ಮ್ ಕಾಣುತ್ತಿಲ್ಲ" ಎಂದು ಯಾರಾದರೂ ಹೇಳಿದರೆ, ಅವರ ಕಿಟಕಿಯ ಮೇಲಿನ ಬಲ ಮೂಲೆಯಲ್ಲಿ ಹೊಸ ಔಟ್‌ಲುಕ್‌ಗೆ ಬದಲಾಯಿಸುವ ಸ್ವಿಚ್ ಯಾವ ಕಡೆಗಿದೆ ಎಂದು ನೋಡಿ. ಅದನ್ನು ಆನ್ ಮಾಡಿದ್ದರೆ ಬೇರೆ ಕಾರಣ ಹುಡುಕುವ ಅಗತ್ಯವೇ ಇಲ್ಲ. ಆಫ್ ಮಾಡಿ, ಕ್ಲಾಸಿಕ್‌ಗೆ ಹಿಂತಿರುಗಿ.

ರೀಡಿಂಗ್ ಪೇನ್ ಬಗ್ಗೆಯೂ ಇದೇ ಮಾತು. ಪಟ್ಟಿಯ ಪಕ್ಕದಲ್ಲಿ ಕಾಣುವ ಆ ಭಾಗದಲ್ಲಿ ಕಸ್ಟಮ್ ಫಾರ್ಮ್‌ನ ಪುಟಗಳು ಕಾಣುವುದಿಲ್ಲ, ಅದರ ಸ್ಕ್ರಿಪ್ಟ್, ಅಂದರೆ ಫಾರ್ಮ್ ಒಳಗಿನ ಕೋಡ್, ಓಡುವುದೂ ಇಲ್ಲ. ಐಟಂ ಮೇಲೆ ಡಬಲ್ ಕ್ಲಿಕ್ ಮಾಡಿ ಬೇರೆ ಕಿಟಕಿಯಲ್ಲಿ ತೆರೆಯಬೇಕು. ದೋಷ ಅಂತ ಬರುವ ದೂರುಗಳಲ್ಲಿ ಒಂದಷ್ಟು ಇಲ್ಲೇ ಮುಗಿಯುತ್ತವೆ.

ಮೆಸೇಜ್ ಕ್ಲಾಸ್: ಇಡೀ ಕಥೆಯ ಬೀಗದ ಕೈ

ಔಟ್‌ಲುಕ್‌ನ ಪ್ರತಿಯೊಂದು ಐಟಂ ಒಳಗೂ ಮೆಸೇಜ್ ಕ್ಲಾಸ್ ಎಂಬ ಒಂದು ಹೆಸರು ಇರುತ್ತದೆ. ಸಾದಾ ಮೇಲ್ ಆದರೆ ಐಪಿಎಂ.ನೋಟ್ (IPM.Note). ಸಂಪರ್ಕ ಆದರೆ ಐಪಿಎಂ.ಕಾಂಟ್ಯಾಕ್ಟ್. ಟಾಸ್ಕ್ ಆದರೆ ಐಪಿಎಂ.ಟಾಸ್ಕ್. ಕ್ಯಾಲೆಂಡರ್‌ನದಾದರೆ ಐಪಿಎಂ.ಅಪಾಯಿಂಟ್‌ಮೆಂಟ್. ನೀವು ರಜೆ ಅರ್ಜಿಗೆ ಒಂದು ಫಾರ್ಮ್ ಮಾಡಿ "ಲೀವ್" ಎಂಬ ಹೆಸರಿನಲ್ಲಿ ಪಬ್ಲಿಷ್ ಮಾಡಿದರೆ ಅದರ ಕ್ಲಾಸ್ ಐಪಿಎಂ.ನೋಟ್.ಲೀವ್ ಆಗುತ್ತದೆ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಐಟಂನಲ್ಲಿ ಇರುವುದು ಬರೀ ಈ ಹೆಸರು ಮತ್ತು ತುಂಬಿದ ಮಾಹಿತಿ. ಫಾರ್ಮ್‌ನ ವಿನ್ಯಾಸ ಬೇರೆ ಕಡೆ ಇರುತ್ತದೆ. ಐಟಂ ತೆರೆದಾಗ ಔಟ್‌ಲುಕ್ ಆ ಹೆಸರು ಓದಿಕೊಂಡು ವಿನ್ಯಾಸ ಹುಡುಕಲು ಹೊರಡುತ್ತದೆ. ಮೊದಲು ತನ್ನ ಸ್ವಂತ ಫಾರ್ಮ್‌ಗಳಲ್ಲಿ, ಆಮೇಲೆ ಕಂಪ್ಯೂಟರ್‌ನ ಕ್ಯಾಶ್‌ನಲ್ಲಿ (ಮೊದಲೇ ತಂದಿಟ್ಟುಕೊಂಡ ನಕಲುಗಳ ಸಂಗ್ರಹ), ಆಮೇಲೆ ಈಗ ತೆರೆದಿರುವ ಫೋಲ್ಡರ್‌ನ ಫಾರ್ಮ್ ಲೈಬ್ರರಿಯಲ್ಲಿ, ನಂತರ ಪರ್ಸನಲ್ ಫಾರ್ಮ್ಸ್ ಲೈಬ್ರರಿಯಲ್ಲಿ, ಕೊನೆಗೆ ಇಡೀ ಸಂಸ್ಥೆಯ ಆರ್ಗನೈಸೇಷನಲ್ ಫಾರ್ಮ್ಸ್ ಲೈಬ್ರರಿಯಲ್ಲಿ ಹುಡುಕುತ್ತದೆ. ಮೊದಲು ಎಲ್ಲಿ ಸಿಗುತ್ತದೋ ಅದನ್ನೇ ತೆಗೆದುಕೊಳ್ಳುತ್ತದೆ. ಎಲ್ಲೂ ಸಿಗದಿದ್ದರೆ ಹೆಸರಿನ ಕೊನೆಯ ತುಂಡು ಬಿಟ್ಟು ಮೂಲ ಫಾರ್ಮ್‌ಗೆ ಇಳಿಯುತ್ತದೆ. ಐಪಿಎಂ.ನೋಟ್.ಲೀವ್ ಸಿಗಲಿಲ್ಲ ಎಂದರೆ ಐಪಿಎಂ.ನೋಟ್, ಅಂದರೆ ಮಾಮೂಲಿ ಮೇಲ್ ಕಿಟಕಿ. ಯಾವ ಸಂದೇಶವೂ ಇಲ್ಲದೆ ಸಾದಾ ಮೇಲ್ ತೆರೆಯುವುದಕ್ಕೆ ಕಾರಣ ಇದೇ.

ಹಾಗಾಗಿ ಮೊದಲ ಪರೀಕ್ಷೆ ಇಷ್ಟು. ತೊಂದರೆ ಕೊಡುವ ಐಟಂ ಇರುವ ಫೋಲ್ಡರ್‌ಗೆ ಹೋಗಿ. ಪಟ್ಟಿಯ ಮೇಲಿನ ಕಾಲಂ ಹೆಸರುಗಳ ಮೇಲೆ ರೈಟ್ ಕ್ಲಿಕ್ ಮಾಡಿ, ಫೀಲ್ಡ್ ಚೂಸರ್ ತೆರೆಯಿರಿ. ಅದರಲ್ಲಿ ಎಲ್ಲಾ ಮೇಲ್ ಫೀಲ್ಡ್‌ಗಳ ಪಟ್ಟಿ ಆರಿಸಿ, ಮೆಸೇಜ್ ಕ್ಲಾಸ್ ಎಂಬುದನ್ನು ಎಳೆದು ತಂದು ಕಾಲಂ ಸಾಲಿನಲ್ಲಿ ಬಿಡಿ. ಈಗ ಪ್ರತಿ ಐಟಂ ಯಾವ ಫಾರ್ಮ್ ಕೇಳುತ್ತಿದೆ ಎಂಬುದು ಕಣ್ಣೆದುರೇ ಬರುತ್ತದೆ.

ಆ ಕಾಲಂನಲ್ಲಿ ಐಪಿಎಂ.ನೋಟ್.ಲೀವ್ ಎಂದೇ ಇದ್ದು ಮಾಮೂಲಿ ಕಿಟಕಿ ತೆರೆದರೆ, ಐಟಂ ಸರಿಯಿದೆ, ವಿನ್ಯಾಸ ಸಿಗುತ್ತಿಲ್ಲ. ಬರೀ ಐಪಿಎಂ.ನೋಟ್ ಎಂದಿದ್ದರೆ ಐಟಂ ತನ್ನ ಫಾರ್ಮ್‌ನ ಹೆಸರನ್ನೇ ಕಳೆದುಕೊಂಡಿದೆ. ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆ ಇದ್ದರೆ ಅದು ಯಾವುದೋ ಹಳೆಯ ಆವೃತ್ತಿಯ ಫಾರ್ಮ್ ಅಥವಾ ಪಬ್ಲಿಷ್ ಮಾಡುವಾಗ ಬೇರೆ ಹೆಸರು ಕೊಟ್ಟ ಪ್ರತಿ. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಅದಕ್ಕೇ ಈ ಕಾಲಂ ನೋಡದೆ ಮುಂದೆ ಹೋಗಬಾರದು.

ಜೊತೆಗೆ ಇನ್ನೊಂದು ಸಣ್ಣ ಪರೀಕ್ಷೆ. ವಿಂಡೋಸ್‌ನ ರನ್ ಪೆಟ್ಟಿಗೆಯಲ್ಲಿ ಔಟ್‌ಲುಕ್‌ನ ಇಎಕ್ಸ್‌ಇ ಹೆಸರು (outlook.exe) ಬರೆದು, ಒಂದು ಖಾಲಿ ಜಾಗ ಬಿಟ್ಟು, ಮುಂದಕ್ಕೆ ಬಾಗಿದ ಗೆರೆ ಮತ್ತು ಸಿ ಅಕ್ಷರ ಹಾಕಿ, ಮತ್ತೆ ಖಾಲಿ ಜಾಗ ಬಿಟ್ಟು ಪೂರ್ತಿ ಮೆಸೇಜ್ ಕ್ಲಾಸ್ ಬರೆದರೆ ಆ ಫಾರ್ಮ್‌ನ ಹೊಸ ಐಟಂ ನೇರವಾಗಿ ತೆರೆಯುತ್ತದೆ. ಹೊಸದು ಸರಿಯಾಗಿ ತೆರೆದು ಹಳೆಯದು ಮಾತ್ರ ತೆರೆಯದಿದ್ದರೆ ತೊಂದರೆ ಆ ಹಳೆಯ ಐಟಂನಲ್ಲಿದೆ. ಎರಡೂ ತೆರೆಯದಿದ್ದರೆ ಫಾರ್ಮ್ ಅಥವಾ ಅದರ ಜಾಗದಲ್ಲಿ ತೊಂದರೆ.

ಕ್ಯಾಶ್ ಕೆಟ್ಟಾಗ

ಔಟ್‌ಲುಕ್ ಒಮ್ಮೆ ತೆರೆದ ಫಾರ್ಮ್‌ನ ವಿನ್ಯಾಸವನ್ನು ಕಂಪ್ಯೂಟರ್‌ನಲ್ಲೇ ಇಟ್ಟುಕೊಳ್ಳುತ್ತದೆ, ಪ್ರತಿ ಸಲ ಸರ್ವರ್‌ಗೆ ಹೋಗಿ ತರುವ ಕಷ್ಟ ತಪ್ಪಲಿ ಎಂದು. ಬಳಕೆದಾರರ ಲೋಕಲ್ ಆ್ಯಪ್ ಡೇಟಾ ಫೋಲ್ಡರ್‌ನ ಒಳಗೆ ಮೈಕ್ರೋಸಾಫ್ಟ್, ಅದರ ಒಳಗೆ ಫಾರ್ಮ್ಸ್ ಎಂಬ ಫೋಲ್ಡರ್ ಇದೆ. ಎಫ್‌ಆರ್‌ಎಂಕ್ಯಾಶ್ ಎಂಬ ಡ್ಯಾಟ್ ಫೈಲ್ ಇರುವುದು ಅಲ್ಲಿಯೇ. ಈ ಸಂಗ್ರಹ ಕೆಟ್ಟರೆ ಅಥವಾ ಹಳೆಯದನ್ನೇ ಹಿಡಿದುಕೊಂಡರೆ ತಲೆನೋವು ಶುರು.

ಲಕ್ಷಣ ಗುರುತಿಸುವುದು ಸುಲಭ. ನೀವು ಫಾರ್ಮ್‌ಗೆ ಹೊಸ ಪೆಟ್ಟಿಗೆ ಸೇರಿಸಿ ಪಬ್ಲಿಷ್ ಮಾಡಿದ್ದೀರಿ. ನಿಮ್ಮ ಕಂಪ್ಯೂಟರ್‌ನಲ್ಲಿ ಕಾಣುತ್ತದೆ. ಪಕ್ಕದ ಮೇಜಿನವರಿಗೆ ಹಳೆಯದೇ ಕಾಣುತ್ತದೆ. ಇನ್ನೊಬ್ಬರಿಗೆ ಫಾರ್ಮ್ ತೋರಿಸಲು ಆಗುತ್ತಿಲ್ಲ ಎಂಬ ಸಂದೇಶ ಬರುತ್ತದೆ. ಮೂವರ ಮೆಸೇಜ್ ಕ್ಲಾಸ್ ಕಾಲಂನಲ್ಲೂ ಒಂದೇ ಹೆಸರಿದೆ. ಒಂದೇ ಐಟಂ, ಒಂದೇ ಹೆಸರು, ಆದರೆ ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ಫಲಿತಾಂಶ ಬೇರೆ ಎಂದರೆ ಮೊದಲ ಅನುಮಾನ ಕ್ಯಾಶ್ ಮೇಲೆಯೇ ಬರಬೇಕು.

ಖಾಲಿ ಮಾಡುವುದು ಹೀಗೆ. ಫೈಲ್ ಮೆನುವಿನಲ್ಲಿ ಆಪ್ಷನ್ಸ್ ತೆರೆಯಿರಿ. ಅಡ್ವಾನ್ಸ್ಡ್ ವಿಭಾಗದಲ್ಲಿ ಕೆಳಗೆ ಹೋದರೆ ಡೆವಲಪರ್ಸ್ ಎಂಬ ಭಾಗದಲ್ಲಿ ಕಸ್ಟಮ್ ಫಾರ್ಮ್ಸ್ ಬಟನ್ ಇದೆ. ಅದರೊಳಗೆ ಮ್ಯಾನೇಜ್ ಫಾರ್ಮ್ಸ್, ಅಲ್ಲಿ ಕ್ಲಿಯರ್ ಕ್ಯಾಶ್. ಒತ್ತಿ, ಔಟ್‌ಲುಕ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಇದರಿಂದ ಪಬ್ಲಿಷ್ ಆದ ಫಾರ್ಮ್‌ಗೆ ಏನೂ ಆಗುವುದಿಲ್ಲ, ನಕಲು ಮಾತ್ರ ಹೋಗುತ್ತದೆ. ಆದ್ದರಿಂದ ಧೈರ್ಯವಾಗಿ ಮಾಡಬಹುದು.

ಆ ಬಟನ್‌ನಿಂದ ಕೆಲಸ ಆಗದಿದ್ದರೆ ಔಟ್‌ಲುಕ್ ಮುಚ್ಚಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಅದು ಇನ್ನೂ ಓಡುತ್ತಿಲ್ಲ ಎಂದು ಖಚಿತ ಮಾಡಿಕೊಂಡು, ಫಾರ್ಮ್ಸ್ ಫೋಲ್ಡರ್‌ನ ಹೆಸರು ಬದಲಾಯಿಸಿ. ಡಿಲೀಟ್ ಬೇಡ, ಹೆಸರು ಬದಲಾಯಿಸಿದರೆ ಸಾಕು. ಔಟ್‌ಲುಕ್ ಮತ್ತೆ ಶುರುವಾದಾಗ ಹೊಸದಾಗಿ ಮಾಡಿಕೊಳ್ಳುತ್ತದೆ.

ಒಂದೇ ಕಂಪ್ಯೂಟರ್‌ನಲ್ಲಿ ಪದೇ ಪದೇ ಹೀಗಾಗುತ್ತಿದ್ದರೆ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಸಂಗ್ರಹದಲ್ಲಿ, ಒಂದು ಏರ್ಪಾಡು ಇದೆ. ಕರೆಂಟ್ ಯೂಸರ್ ಅಡಿಯಲ್ಲಿ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ಆಫೀಸ್, 16.0, ಔಟ್‌ಲುಕ್ ಎಂಬ ದಾರಿಯಲ್ಲಿ ಹೋಗಿ, ಫೋರ್ಸ್‌ಫಾರ್ಮ್‌ರಿಲೋಡ್ (ForceFormReload) ಎಂಬ ಡಿವರ್ಡ್, ಅಂದರೆ ಸಂಖ್ಯಾ ರೂಪದ, ಮೌಲ್ಯ ಮಾಡಿ 1 ಕೊಡಿ. ಹೆಸರನ್ನು ಇಂಗ್ಲಿಷ್‌ನಲ್ಲಿ ಬಿಡಿಸದೆ ಒಂದೇ ಪದವಾಗಿ ಬರೆಯಬೇಕು. ಕ್ಯಾಶ್ ಕೆಟ್ಟಿರುವುದು ಗೊತ್ತಾದಾಗ ಔಟ್‌ಲುಕ್ ಅದನ್ನು ತಾನೇ ತೆರವು ಮಾಡಿ ಫಾರ್ಮ್ ಮತ್ತೆ ತರುತ್ತದೆ. ರಿಜಿಸ್ಟ್ರಿ ಮುಟ್ಟುವ ಮುಂಚೆ ಅದರ ಬ್ಯಾಕಪ್ ತೆಗೆದುಕೊಳ್ಳುವುದು ಮರೆಯಬೇಡಿ.

ಫಾರ್ಮ್ ಮಾಡುವವರಿಗೆ ಒಂದು ಮಾತು. ಡಿಸೈನ್ ಕಿಟಕಿಯ ಪ್ರಾಪರ್ಟೀಸ್ ಪುಟದಲ್ಲಿ ವರ್ಷನ್ ಎಂಬ ಜಾಗವಿದೆ. ಪ್ರತಿ ಬಾರಿ ಪಬ್ಲಿಷ್ ಮಾಡುವಾಗ ಅದನ್ನು ಏರಿಸಿ. ಜೊತೆಗೆ ಫಾರ್ಮ್‌ನ ಮೂಲೆಯಲ್ಲಿ ಆ ಆವೃತ್ತಿ ಸಂಖ್ಯೆಯನ್ನು ಒಂದು ಸಣ್ಣ ಲೇಬಲ್ ಆಗಿ ಬರೆದಿಡಿ. ಬಣ್ಣ ತಿಳಿಯಾಗಿದ್ದರೆ ಯಾರ ಕಣ್ಣಿಗೂ ಅಡ್ಡ ಬರುವುದಿಲ್ಲ. ಆಮೇಲೆ ಯಾರಾದರೂ ಫೋನ್ ಮಾಡಿ ಫಾರ್ಮ್ ಸರಿಯಿಲ್ಲ ಎಂದರೆ, "ಮೂಲೆಯಲ್ಲಿ ಯಾವ ಸಂಖ್ಯೆ ಇದೆ, ಓದಿ" ಎಂದು ಕೇಳಿದರೆ ಸಾಕು. ಅವರು 1.3 ಎಂದು ಓದಿ, ನೀವು ಪಬ್ಲಿಷ್ ಮಾಡಿದ್ದು 1.4 ಆಗಿದ್ದರೆ, ಹಳೆಯ ಪ್ರತಿ ಎಲ್ಲಿಂದ ಬಂತು ಎಂದು ಮಾತ್ರ ಹುಡುಕಿದರಾಯಿತು. ನನ್ನ ಪ್ರಕಾರ ಈ ಕೆಲಸದಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಉಪಯೋಗದ ಉಪಾಯ ಇನ್ನೊಂದಿಲ್ಲ.

ಹಳೆಯ ಪ್ರತಿ ಕ್ಯಾಶ್‌ನಿಂದಲೇ ಬರಬೇಕೆಂದಿಲ್ಲ. ಒಂದೇ ಹೆಸರಿನ ಫಾರ್ಮ್ ಎರಡು ಕಡೆ ಪಬ್ಲಿಷ್ ಆಗಿದ್ದರೂ ಹೀಗಾಗುತ್ತದೆ. ಪರೀಕ್ಷೆ ಮಾಡಲು ಎಂದು ಮೊದಲು ಪರ್ಸನಲ್ ಲೈಬ್ರರಿಯಲ್ಲಿ ಹಾಕಿರುತ್ತೀರಿ, ಆಮೇಲೆ ಸಂಸ್ಥೆಯ ಲೈಬ್ರರಿಗೆ ಹಾಕುತ್ತೀರಿ. ಹುಡುಕುವ ಕ್ರಮದಲ್ಲಿ ಪರ್ಸನಲ್ ಮೊದಲು ಬರುತ್ತದೆ ಅಲ್ವಾ? ಹಾಗಾಗಿ ನಿಮಗೆ ಮಾತ್ರ ಹಳೆಯದೇ ತೆರೆಯುತ್ತಲೇ ಇರುತ್ತದೆ. ಅದೇ ಮ್ಯಾನೇಜ್ ಫಾರ್ಮ್ಸ್ ಕಿಟಕಿಯಲ್ಲಿ ಎರಡು ಪಟ್ಟಿಗಳಿರುತ್ತವೆ. ಸೆಟ್ ಬಟನ್ ಒತ್ತಿ ಒಂದೊಂದೇ ಲೈಬ್ರರಿ ಮತ್ತು ಫೋಲ್ಡರ್ ಆರಿಸಿ ನೋಡಿ. ಅದೇ ಹೆಸರು ಎರಡು ಕಡೆ ಕಂಡರೆ, ಬೇಡವಾದದ್ದನ್ನು ತೆಗೆದು ಕ್ಯಾಶ್ ಖಾಲಿ ಮಾಡಿ.

ಐಟಂ ತನ್ನ ಹೆಸರು ಕಳೆದುಕೊಂಡರೆ

ಮೆಸೇಜ್ ಕ್ಲಾಸ್ ಕಾಲಂನಲ್ಲಿ ಇರಬೇಕಾದ ಹೆಸರಿನ ಬದಲು ಬರೀ ಐಪಿಎಂ.ನೋಟ್ ಅಥವಾ ಐಪಿಎಂ.ಕಾಂಟ್ಯಾಕ್ಟ್ ಇದೆ, ಆದರೆ ತೆರೆದರೆ ಕಸ್ಟಮ್ ಪುಟಗಳು ಕಾಣುತ್ತಿವೆ. ಆದರೂ ಬಟನ್‌ಗಳು ಸತ್ತಂತಿವೆ. ಹೀಗಿದ್ದರೆ ಅದು ಒನ್ ಆಫ್ ಐಟಂ. ಅಂದರೆ ಫಾರ್ಮ್‌ನ ವಿನ್ಯಾಸ ಲೈಬ್ರರಿಯಲ್ಲಿ ಇರುವ ಬದಲು ಆ ಐಟಂ ಒಳಗೇ ಸೇರಿಕೊಂಡಿದೆ. ಅದರ ಗಾತ್ರವೂ ಸುಮ್ನೆ ಊದಿಕೊಂಡಿರುತ್ತದೆ. ಪಟ್ಟಿಯಲ್ಲಿ ಸೈಜ್ ಕಾಲಂ ಹಾಕಿ, ಒಂದೇ ಬಗೆಯ ಐಟಂಗಳ ನಡುವೆ ಯಾವುದು ಎದ್ದು ಕಾಣುತ್ತದೆ ನೋಡಿ.

ಇಂಥ ಐಟಂನಲ್ಲಿ ಔಟ್‌ಲುಕ್ ಸ್ಕ್ರಿಪ್ಟ್ ಓಡಿಸುವುದಿಲ್ಲ. ಅದು ಭದ್ರತೆಯ ಕಾರಣಕ್ಕೆ ಮಾಡಿದ್ದು, ಸರಿಯಾದ ನಿರ್ಧಾರ ಕೂಡ. ಯಾರೋ ಅಪರಿಚಿತರು ಕಳಿಸಿದ ಮೇಲ್ ಒಳಗಿನ ಕೋಡ್ ನಿಮ್ಮ ಕಂಪ್ಯೂಟರ್‌ನಲ್ಲಿ ಓಡಬಾರದು. ಅದೇ ಕಾರಣಕ್ಕೆ ಡಿಸ್ಕ್‌ನಲ್ಲಿ ಉಳಿಸಿದ ಒಎಫ್‌ಟಿ ಟೆಂಪ್ಲೇಟ್ ಫೈಲನ್ನು ನೇರವಾಗಿ ತೆರೆದರೂ ಸ್ಕ್ರಿಪ್ಟ್ ಓಡುವುದಿಲ್ಲ. ಸ್ಕ್ರಿಪ್ಟ್ ಬೇಕೆಂದರೆ ಪಬ್ಲಿಷ್ ಮಾಡಲೇಬೇಕು.

ಒನ್ ಆಫ್ ಆಗುವುದು ಹೇಗೆ? ಮುಖ್ಯ ಕಾರಣ ಪ್ರಾಪರ್ಟೀಸ್ ಪುಟದ ಒಂದು ಟಿಕ್. ಐಟಂ ಜೊತೆಗೇ ಫಾರ್ಮ್‌ನ ವಿನ್ಯಾಸವನ್ನೂ ಕಳಿಸು ಎನ್ನುವ ಆಯ್ಕೆ ಅದು. ಪಬ್ಲಿಷ್ ಮಾಡುವಾಗ ಔಟ್‌ಲುಕ್ ಕೆಲವೊಮ್ಮೆ ತಾನೇ ಈ ಬಗ್ಗೆ ಕೇಳುತ್ತದೆ. ಪಡೆಯುವವರ ಬಳಿ ಫಾರ್ಮ್ ಇಲ್ಲದಿದ್ದರೆ ಅನುಕೂಲ ಎಂದು ಹೌದು ಅಂದುಬಿಡುತ್ತೇವೆ. ಸ್ಕ್ರಿಪ್ಟ್ ಇರುವ ಫಾರ್ಮ್‌ಗೆ ಅದು ಬೇಡ. ಇನ್ನೊಂದು ಕಾರಣ, ತುಂಬಿದ ಐಟಂ ಒಂದನ್ನು ತೆರೆದು ಡೆವಲಪರ್ ಟ್ಯಾಬ್‌ನಿಂದ ಡಿಸೈನ್ ದಿಸ್ ಫಾರ್ಮ್ ಒತ್ತಿ, ಏನೋ ಬದಲಾಯಿಸಿ ಸೇವ್ ಮಾಡುವುದು. ನಿಮ್ಮ ಬದಲಾವಣೆ ಆ ಒಂದು ಐಟಂಗೆ ಮಾತ್ರ ಅಂಟಿಕೊಳ್ಳುತ್ತದೆ, ಉಳಿದವು ಹಾಗೇ ಇರುತ್ತವೆ. ಮೂರನೆಯದು, ಸ್ಕ್ರಿಪ್ಟ್‌ನಿಂದಲೇ ಓಡುವ ಹೊತ್ತಿನಲ್ಲಿ ಹೊಸ ಫೀಲ್ಡ್, ಅಂದರೆ ಐಟಂನಲ್ಲಿ ಮಾಹಿತಿ ಉಳಿಯುವ ಜಾಗ, ಸೇರಿಸುವುದು. ಫೀಲ್ಡ್‌ಗಳನ್ನು ಫಾರ್ಮ್ ವಿನ್ಯಾಸದಲ್ಲೇ ಮೊದಲೇ ಮಾಡಿಟ್ಟರೆ ಈ ಅಪಾಯ ಇಲ್ಲ.

ಸರಿಪಡಿಸಲು ವಿಬಿಎ ಎಂಬ ಆಫೀಸ್‌ನದೇ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೆಲವು ಸಾಲಿನ ಮ್ಯಾಕ್ರೋ ಬರೆದು ಫೋಲ್ಡರ್‌ನ ಐಟಂಗಳ ಮೆಸೇಜ್ ಕ್ಲಾಸನ್ನು ಸರಿಯಾದ ಹೆಸರಿಗೆ ಬದಲಾಯಿಸಿ ಸೇವ್ ಮಾಡಬೇಕು. ಮೊದಲು ಫೋಲ್ಡರ್‌ನ ಒಂದು ಪ್ರತಿ ಬೇರೆ ಕಡೆ ಇಟ್ಟುಕೊಳ್ಳಿ, ಒಂದೇ ಐಟಂ ಮೇಲೆ ಮ್ಯಾಕ್ರೋ ಓಡಿಸಿ ನೋಡಿ, ಆಮೇಲೆ ಎಲ್ಲದಕ್ಕೂ. ಕೆಲವು ಐಟಂಗಳಲ್ಲಿ ಹೆಸರು ಸರಿಯಾದರೂ ಒಳಗೆ ಹಳೆಯ ವಿನ್ಯಾಸದ ತುಣುಕುಗಳು ಉಳಿದಿರುತ್ತವೆ. ಅವನ್ನು ಕಾಣಲು ಮೈಕ್ರೋಸಾಫ್ಟ್‌ನದೇ ಉಚಿತ ಸಾಧನವಾದ ಎಂಎಫ್‌ಸಿ ಮ್ಯಾಪಿ ಬೇಕಾಗುತ್ತದೆ. ಫಾರ್ಮ್ ಸ್ಟೋರೇಜ್, ಪೇಜ್ ಡೈರ್ ಸ್ಟ್ರೀಮ್, ಸ್ಕ್ರಿಪ್ಟ್ ಸ್ಟ್ರೀಮ್ ಎಂಬ ಹೆಸರುಗಳು ಆ ಐಟಂನ ಗುಣಗಳ ಪಟ್ಟಿಯಲ್ಲಿ ಕಂಡರೆ ಅದೇ ಆ ತುಣುಕು. ಅದು ಪಳಗಿದ ಕೈಗೆ ಮಾತ್ರ ಬಿಡಬೇಕಾದ ಕೆಲಸ. ಆ ಸಾಧನದಲ್ಲಿ ತಪ್ಪು ಕಡೆ ಕೈ ಹಾಕಿದರೆ ಮೇಲ್‌ಬಾಕ್ಸ್‌ಗೇ ಪೆಟ್ಟು ಬೀಳಬಹುದು.

ಹಳೆಯ ಸಂಪರ್ಕಗಳ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಹೊಸ ಸಂಪರ್ಕ ಫಾರ್ಮ್ ಮಾಡಿ ಅದನ್ನೇ ಫೋಲ್ಡರ್‌ನ ಮುಖ್ಯ ಫಾರ್ಮ್ ಎಂದು ಇಟ್ಟರೂ, ಮೊದಲೇ ಇದ್ದ ಸಂಪರ್ಕಗಳು ಹಳೆಯ ಫಾರ್ಮ್‌ನಲ್ಲೇ ತೆರೆಯುತ್ತವೆ. ಅದು ದೋಷ ಅಲ್ಲ. ಅವುಗಳ ಕ್ಲಾಸ್ ಇನ್ನೂ ಐಪಿಎಂ.ಕಾಂಟ್ಯಾಕ್ಟ್ ಆಗಿಯೇ ಇದೆ, ಅಷ್ಟೇ. ಅದೇ ಮ್ಯಾಕ್ರೋ ಇಲ್ಲಿಗೂ ಸಾಕು.

ಫಾರ್ಮ್ ತೆರೆಯುತ್ತದೆ, ಸ್ಕ್ರಿಪ್ಟ್ ಮಾತ್ರ ಓಡುವುದಿಲ್ಲ

ಈ ದೂರಿಗೆ ಇವತ್ತು ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ 2017ರ ಸೆಪ್ಟೆಂಬರ್ ತಿಂಗಳ ಭದ್ರತಾ ಅಪ್‌ಡೇಟ್. ಅಂದಿನಿಂದ ಕಸ್ಟಮ್ ಫಾರ್ಮ್‌ಗಳ ಸ್ಕ್ರಿಪ್ಟ್ ಮೊದಲಿನಿಂದಲೇ ಬಂದ್ ಆಗಿರುತ್ತದೆ. ಫಾರ್ಮ್ ತೆರೆಯುತ್ತದೆ, ಪೆಟ್ಟಿಗೆಗಳು ಕಾಣುತ್ತವೆ, ಬಟನ್ ಒತ್ತಿದರೆ ಉತ್ತರವಿಲ್ಲ. ಹೊಸ ಕಂಪ್ಯೂಟರ್ ಕೊಟ್ಟ ಮರುದಿನವೇ ಬರುವ ದೂರು ಬಹುತೇಕ ಇದೇ. ಹಳೆಯ ಕಂಪ್ಯೂಟರ್‌ನಲ್ಲಿ ಯಾರೋ ಅನುಮತಿ ಕೊಟ್ಟಿದ್ದರು, ಹೊಸದರಲ್ಲಿ ಕೊಟ್ಟಿಲ್ಲ.

ಅನುಮತಿಗೆ ಎರಡು ಹೆಜ್ಜೆ. ರಿಜಿಸ್ಟ್ರಿಯಲ್ಲಿ ಡಿಸೇಬಲ್‌ಕಸ್ಟಮ್‌ಫಾರ್ಮ್‌ಐಟಂಸ್ಕ್ರಿಪ್ಟ್ (DisableCustomFormItemScript) ಎಂಬ ಮೌಲ್ಯ 0 ಆಗಿರಬೇಕು. ಇದು ಸ್ಕ್ರಿಪ್ಟ್‌ಗೆ ಒಟ್ಟಾರೆ ಬಾಗಿಲು ತೆರೆಯುತ್ತದೆ. ಆದರೆ ಅಷ್ಟಕ್ಕೇ ಎಲ್ಲಾ ಫಾರ್ಮ್ ಒಳಗೆ ಬರುವುದಿಲ್ಲ. ಎರಡನೆಯದಾಗಿ, ಕರೆಂಟ್ ಯೂಸರ್ ಅಡಿಯ ಅದೇ ಔಟ್‌ಲುಕ್ ಕೀಯಲ್ಲಿ ಫಾರ್ಮ್ಸ್ ಎಂಬುದರ ಒಳಗೆ ಟ್ರಸ್ಟೆಡ್‌ಫಾರ್ಮ್‌ಸ್ಕ್ರಿಪ್ಟ್‌ಲಿಸ್ಟ್ (TrustedFormScriptList) ಎಂಬ ಕೀ ಮಾಡಿ, ಅದರಲ್ಲಿ ನಂಬಿಕೆಯ ಪ್ರತಿ ಫಾರ್ಮ್‌ಗೂ ಒಂದೊಂದು ಸ್ಟ್ರಿಂಗ್ ಮೌಲ್ಯ ಸೇರಿಸಬೇಕು. ಮೌಲ್ಯದ ಹೆಸರೇ ಮೆಸೇಜ್ ಕ್ಲಾಸ್. ನಮ್ಮ ಉದಾಹರಣೆಯಲ್ಲಿ ಐಪಿಎಂ.ನೋಟ್.ಲೀವ್. ಅದರ ಮುಂದಿನ ಜಾಗ ಖಾಲಿ ಬಿಡಬೇಕು. ಹೆಸರನ್ನು ಕೈಯಲ್ಲಿ ಟೈಪ್ ಮಾಡುವುದಕ್ಕಿಂತ ಪಟ್ಟಿಯ ಕಾಲಂನಲ್ಲಿ ಕಂಡ ಹೆಸರಿನ ಜೊತೆ ಅಕ್ಷರ ಅಕ್ಷರವಾಗಿ ಹೋಲಿಸಿ ನೋಡುವುದು ಒಳ್ಳೆಯದು. ಒಂದು ಚುಕ್ಕಿ ತಪ್ಪಿದರೂ ಸ್ಕ್ರಿಪ್ಟ್ ಓಡುವುದಿಲ್ಲ, ಯಾಕೆ ಎಂದು ಔಟ್‌ಲುಕ್ ಹೇಳುವುದೂ ಇಲ್ಲ.

ಈ ಎರಡೂ ಸರಿಯಿದ್ದು ಹಂಚಿಕೊಂಡ ಮೇಲ್‌ಬಾಕ್ಸ್ ಅಥವಾ ಪಬ್ಲಿಕ್ ಫೋಲ್ಡರ್‌ನಲ್ಲಿ ಮಾತ್ರ ಓಡದಿದ್ದರೆ ಟ್ರಸ್ಟ್ ಸೆಂಟರ್ ನೋಡಿ. ಇಮೇಲ್ ಸೆಕ್ಯುರಿಟಿ ಪುಟದ ಕೆಳಗೆ ಎರಡು ಟಿಕ್‌ಗಳಿವೆ. ಒಂದು ಹಂಚಿಕೊಂಡ ಫೋಲ್ಡರ್‌ಗೆ, ಇನ್ನೊಂದು ಪಬ್ಲಿಕ್ ಫೋಲ್ಡರ್‌ಗೆ. ಬೇಕಾದದ್ದನ್ನು ಮಾತ್ರ ಹಾಕಿ. ಕೆಲಸ ಆಗಲಿ ಎಂದು ಎರಡಕ್ಕೂ ಟಿಕ್ ಹಾಕುವ ಅಭ್ಯಾಸ ಒಳ್ಳೆಯದಲ್ಲ. ಟಿಕ್‌ಗಳು ಮಸುಕಾಗಿ, ಮುಟ್ಟಲು ಬಾರದಂತೆ ಇದ್ದರೆ ಅದನ್ನು ಸಂಸ್ಥೆಯ ಪಾಲಿಸಿ ನಿಯಂತ್ರಿಸುತ್ತಿದೆ ಎಂದರ್ಥ, ಅದರ ಉಸ್ತುವಾರಿ ಇರುವವರನ್ನೇ ಕೇಳಬೇಕು.

ಕೊನೆಯದಾಗಿ ವಿಬಿಸ್ಕ್ರಿಪ್ಟ್. ಕಸ್ಟಮ್ ಫಾರ್ಮ್‌ನ ಕೋಡ್ ಬರೆಯುವುದು ಈ ಭಾಷೆಯಲ್ಲೇ. ಮೈಕ್ರೋಸಾಫ್ಟ್ 2023ರ ಅಕ್ಟೋಬರ್‌ನಲ್ಲಿ ವಿಂಡೋಸ್‌ನಿಂದ ಇದನ್ನು ಹಂತ ಹಂತವಾಗಿ ತೆಗೆಯುವುದಾಗಿ ಹೇಳಿತು. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಅದು ಬೇಕಾದರೆ ಇಡಬಹುದಾದ, ಬೇಡವಾದರೆ ತೆಗೆಯಬಹುದಾದ ಐಚ್ಛಿಕ ಭಾಗವಾಗಿದೆ. ಮೊದಲಿನಿಂದ ಅದು ಇದ್ದೇ ಇರುತ್ತದೆ, ಆದರೆ ಕೆಲವು ಕಡೆ ಭದ್ರತೆಗಾಗಿ ತೆಗೆದಿರುತ್ತಾರೆ. ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್ ಪಟ್ಟಿಯಲ್ಲಿ ವಿಬಿಸ್ಕ್ರಿಪ್ಟ್ ಇದೆಯೇ ಎಂದು ನೋಡಿಬಿಡಿ.

ಸ್ಕ್ರಿಪ್ಟ್ ಓಡುತ್ತದೆ, ಆದರೆ ತಪ್ಪು ತೋರಿಸುತ್ತದೆ

ಸಾಲಿನ ಸಂಖ್ಯೆ ಸಮೇತ ಸಂದೇಶ ಬಂದರೆ ಅದು ಒಳ್ಳೆಯ ಸುದ್ದಿ. ಅನುಮತಿ, ಕ್ಯಾಶ್ ಎಲ್ಲಾ ಸರಿಯಿದೆ, ಈಗ ಕೋಡ್ ನೋಡಿದರೆ ಸಾಕು. ಫಾರ್ಮ್ ತೆರೆಯುತ್ತಲೇ ತಪ್ಪು ಬಂದು ಒಳಗೆ ಹೋಗಲೂ ಬಿಡದಿದ್ದರೆ, ಶಿಫ್ಟ್ ಕೀ ಒತ್ತಿಹಿಡಿದು ತೆರೆಯಿರಿ. ಆಗ ಕೋಡ್ ಓಡುವುದಿಲ್ಲ, ನೆಮ್ಮದಿಯಾಗಿ ಒಳಗೆ ಹೋಗಿ ತಿದ್ದಬಹುದು.

ವಿಬಿಎ ಬರೆದು ಅಭ್ಯಾಸ ಇರುವವರು ಇಲ್ಲಿ ಎಡವುವುದು ಜಾಸ್ತಿ. ನೋಡಲು ಎರಡೂ ಒಂದೇ ಥರ ಇವೆ. ಆದರೆ ವಿಬಿಸ್ಕ್ರಿಪ್ಟ್‌ನಲ್ಲಿ ವೇರಿಯಬಲ್ ಹೇಳುವಾಗ ಅದರ ಬಗೆ ಬರೆಯುವಂತಿಲ್ಲ. ಡಿಮ್ ಎಂದು ಹೆಸರು ಕೊಟ್ಟು ನಿಲ್ಲಿಸಬೇಕು, ಮುಂದೆ ಆ್ಯಸ್ ಸ್ಟ್ರಿಂಗ್ ಎಂದು ಸೇರಿಸಿದರೆ ತಪ್ಪು ಬರುತ್ತದೆ. ಹಾಗೆಯೇ ಔಟ್‌ಲುಕ್‌ನ ಹೆಸರಿಟ್ಟ ಸ್ಥಿರಾಂಕಗಳು ಇಲ್ಲಿ ಗೊತ್ತಿರುವುದಿಲ್ಲ. ಹೊಸ ಮೇಲ್ ಮಾಡಲು ವಿಬಿಎಯಲ್ಲಿ ಒಎಲ್ ಮೇಲ್ ಐಟಂ ಎನ್ನುತ್ತೀರಿ, ಇಲ್ಲಿ ಅದರ ಬದಲು 0 ಎಂಬ ಸಂಖ್ಯೆಯನ್ನೇ ಕೊಡಬೇಕು. ಇಲ್ಲವೇ ಕೋಡ್‌ನ ತಲೆಯಲ್ಲಿ ಆ ಹೆಸರಿಗೆ ಆ ಸಂಖ್ಯೆ ಎಂದು ನೀವೇ ಬರೆದಿಡಬೇಕು.

ಇನ್ನೊಂದು ಎಡವಟ್ಟು ಬಹಳ ಸಮಯ ತಿನ್ನುತ್ತದೆ. ಪೆಟ್ಟಿಗೆಯಲ್ಲಿ ಬರೆದದ್ದು ಬದಲಾದಾಗ ಏನಾದರೂ ಆಗಲಿ ಎಂದು ಅದರ ಚೇಂಜ್ ಈವೆಂಟ್‌ಗೆ ಕೋಡ್ ಬರೆಯುತ್ತೀರಿ. ಅದು ಯಾವತ್ತೂ ಓಡುವುದಿಲ್ಲ. ತಪ್ಪು ಸಂದೇಶವೂ ಇಲ್ಲ. ಕಾರಣ, ಫಾರ್ಮ್‌ನ ಕಂಟ್ರೋಲ್‌ಗಳಿಂದ (ಪೆಟ್ಟಿಗೆ, ಬಟನ್ ಮುಂತಾದವು) ಸ್ಕ್ರಿಪ್ಟ್‌ಗೆ ಸಿಗುವುದು ಕ್ಲಿಕ್ ಈವೆಂಟ್ ಒಂದೇ. ಅದೂ ಫೀಲ್ಡ್‌ಗೆ ಕಟ್ಟಿದ ಕಂಟ್ರೋಲ್ ಆದರೆ ಕ್ಲಿಕ್ ಕೂಡ ಬರುವುದಿಲ್ಲ. ಫೀಲ್ಡ್‌ನ ಮೌಲ್ಯ ಬದಲಾದದ್ದು ತಿಳಿಯಲು ಐಟಂನ ಕಸ್ಟಮ್ ಪ್ರಾಪರ್ಟಿ ಚೇಂಜ್ ಈವೆಂಟ್ ಬಳಸಬೇಕು, ಔಟ್‌ಲುಕ್‌ನ ಸ್ವಂತ ಫೀಲ್ಡ್ ಆದರೆ ಪ್ರಾಪರ್ಟಿ ಚೇಂಜ್. ಬದಲಾದ ಫೀಲ್ಡ್‌ನ ಹೆಸರು ಅದರೊಳಗೆ ಬರುತ್ತದೆ, ಆ ಹೆಸರು ನೋಡಿಕೊಂಡು ಮುಂದಿನ ಕೆಲಸ ಮಾಡಿಸಬಹುದು.

ಅಗತ್ಯ ವಸ್ತು ಸಿಗಲಿಲ್ಲ ಎಂಬ ಅರ್ಥದ ತಪ್ಪು ಬಂದರೆ, ಕೋಡ್‌ನಲ್ಲಿ ಬರೆದ ಪುಟದ ಹೆಸರು, ಕಂಟ್ರೋಲ್ ಹೆಸರು ಮತ್ತು ಫಾರ್ಮ್‌ನಲ್ಲಿರುವ ಹೆಸರು ಒಂದೇ ಇದೆಯೇ ನೋಡಿ. ಪುಟಕ್ಕೆ ಚೆಂದದ ಹೆಸರು ಕೊಡುವಾಗ ಕೋಡ್ ತಿದ್ದುವುದು ಬಿಟ್ಟುಹೋಗಿರುತ್ತದೆ.

ತುಂಬಿದ ಮಾಹಿತಿ ಮಾಯ

ಬಳಕೆದಾರರಿಗೆ ಅತಿ ಬೇಸರ ತರುವ ದೋಷ ಇದು. ಅರ್ಧ ಗಂಟೆ ಕೂತು ತುಂಬಿ ಕಳಿಸಿದ ಫಾರ್ಮ್ ಆ ಕಡೆ ಖಾಲಿ ತೆರೆದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಸಾಮಾನ್ಯವಾಗಿ ಕಾರಣ ಎರಡು.

ಮೊದಲನೆಯದು, ಪೆಟ್ಟಿಗೆಯನ್ನು ಯಾವ ಫೀಲ್ಡ್‌ಗೂ ಕಟ್ಟಿಲ್ಲ. ಟೂಲ್‌ಬಾಕ್ಸ್‌ನಿಂದ ಎಳೆದು ಬಿಟ್ಟ ಪೆಟ್ಟಿಗೆ ಬರೀ ಕಣ್ಣಿಗೆ ಕಾಣುವ ಪೆಟ್ಟಿಗೆ. ಅದರಲ್ಲಿ ಬರೆದದ್ದು ಐಟಂ ಜೊತೆ ಉಳಿಯುವುದಿಲ್ಲ. ಡಿಸೈನ್ ಕಿಟಕಿಯಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದು, ವ್ಯಾಲ್ಯೂ ಟ್ಯಾಬ್‌ನಲ್ಲಿ ಫೀಲ್ಡ್ ಆರಿಸಬೇಕು ಅಥವಾ ಹೊಸದು ಮಾಡಬೇಕು.

ಎರಡನೆಯದು, ಬರೆಯುವ ಪುಟ ಮತ್ತು ಓದುವ ಪುಟ ಬೇರೆ ಬೇರೆ ಆಗಿರುವುದು. ಮೇಲ್ ಫಾರ್ಮ್‌ನ ಪುಟಕ್ಕೆ ಸೆಪರೇಟ್ ರೀಡ್ ಲೇಔಟ್ ಎಂಬ ಆಯ್ಕೆ ಇದೆ. ಅದನ್ನು ಆನ್ ಮಾಡಿದ್ದರೆ ಕಳಿಸುವವರು ನೋಡುವ ಪುಟದಲ್ಲಿ ನೀವು ಮಾಡಿದ ಬದಲಾವಣೆ ಪಡೆಯುವವರ ಪುಟಕ್ಕೆ ತಾನಾಗಿ ಹೋಗುವುದಿಲ್ಲ. ಓದುವ ಪುಟಕ್ಕೆ ಹೋಗಿ ಅದೇ ಪೆಟ್ಟಿಗೆಗಳನ್ನು ಪೇಸ್ಟ್ ಮಾಡಿ.

ಎರಡರಲ್ಲಿ ಯಾವುದು ಎಂದು ತಿಳಿಯಲು ನೇರ ದಾರಿ ಇದೆ. ಬಂದಿರುವ ಐಟಂ ತೆರೆದು, ಡಿಸೈನ್ ದಿಸ್ ಫಾರ್ಮ್ ಒತ್ತಿ, ಆಲ್ ಫೀಲ್ಡ್ಸ್ ಪುಟಕ್ಕೆ ಹೋಗಿ, ಈ ಐಟಂನಲ್ಲಿ ಬಳಕೆದಾರರು ಮಾಡಿದ ಫೀಲ್ಡ್‌ಗಳು ಎಂಬ ಪಟ್ಟಿ ಆರಿಸಿ. ಅಲ್ಲಿ ಫೀಲ್ಡ್ ಮತ್ತು ಅದರ ಮೌಲ್ಯ ಎರಡೂ ಕಂಡರೆ ಮಾಹಿತಿ ಬಂದಿದೆ, ತೋರಿಸುವ ಪುಟದಲ್ಲಿ ತೊಂದರೆ. ಏನೂ ಇಲ್ಲದಿದ್ದರೆ ಮಾಹಿತಿ ಹೊರಡುವ ಕಡೆಯೇ ಉಳಿದಿದೆ. ನೋಡಿದ ಮೇಲೆ ಸೇವ್ ಮಾಡದೆ ಮುಚ್ಚಿ. ಸೇವ್ ಮಾಡಿದರೆ ಆ ಐಟಂ ಒನ್ ಆಫ್ ಆಗುವ ಅಪಾಯ ಇದೆ ಎಂದು ಆಗಲೇ ಹೇಳಿದ್ದೇನೆ.

ಸಂಸ್ಥೆಯ ಹೊರಗಿನವರಿಗೆ ಫಾರ್ಮ್ ಕಳಿಸಿದಾಗ ಅವರಿಗೆ ವಿನ್‌ಮೇಲ್ ಎಂಬ ಹೆಸರಿನ ಡ್ಯಾಟ್ ಫೈಲ್ ಮಾತ್ರ ಸಿಗುವುದುಂಟು. ಔಟ್‌ಲುಕ್ ತನ್ನ ವಿಶೇಷ ಮಾಹಿತಿಯನ್ನು ಕಟ್ಟಿ ಕಳಿಸುವ ಗಂಟು ಅದು. ಬೇರೆ ಮೇಲ್ ಸಾಫ್ಟ್‌ವೇರ್‌ಗಳಿಗೆ ಅದನ್ನು ಬಿಚ್ಚಲು ಬರುವುದಿಲ್ಲ. ಹೊರಗಿನವರಿಂದ ಮಾಹಿತಿ ಬೇಕಿದ್ದರೆ ಕಸ್ಟಮ್ ಫಾರ್ಮ್ ಸರಿಯಾದ ಸಾಧನವೇ ಅಲ್ಲ, ವೆಬ್ ಫಾರ್ಮ್ ಬಳಸಿ.

ಉಳಿದ ಕೆಲವು ಕಾರಣಗಳು

ಸಂಸ್ಥೆಯ ಲೈಬ್ರರಿಯ ಫಾರ್ಮ್ ಕೆಲವರಿಗೆ ಕಾಣುತ್ತದೆ, ಕೆಲವರಿಗೆ ಇಲ್ಲ ಎಂದರೆ ಭಾಷೆಯ ಸೆಟ್ಟಿಂಗ್ ನೋಡಿ. ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್ ಆದ ಎಕ್ಸ್‌ಚೇಂಜ್‌ನಲ್ಲಿ ಈ ಲೈಬ್ರರಿ ನಿಜಕ್ಕೂ ಒಂದು ಪಬ್ಲಿಕ್ ಫೋಲ್ಡರ್. ಅದಕ್ಕೆ ಇಫಾರ್ಮ್ಸ್ ಲೊಕೇಲ್ ಐಡಿ ಎಂಬ ಭಾಷಾ ಗುರುತು ಕೊಟ್ಟಿರುತ್ತಾರೆ. ಬಳಕೆದಾರರ ಭಾಷೆ ಬೇರೆ ಇದ್ದರೆ ಅದು ಅವರಿಗೆ ಸಿಗದೆ ಹೋಗಬಹುದು. ಪಬ್ಲಿಕ್ ಫೋಲ್ಡರ್‌ಗೆ ಸಂಪರ್ಕವೇ ಇಲ್ಲದಿದ್ದರೆ, ಅಥವಾ ಓದುವ ಅನುಮತಿ ಇಲ್ಲದಿದ್ದರೆ ಫಲಿತಾಂಶ ಅದೇ.

ಫಾರ್ಮ್‌ನಲ್ಲಿ ಹೊರಗಿನ ಆ್ಯಕ್ಟಿವ್ಎಕ್ಸ್ ಕಂಟ್ರೋಲ್ (ಬೇರೆಡೆಯಿಂದ ತಂದು ಸೇರಿಸಿದ ಸಿದ್ಧ ಭಾಗ) ಇದ್ದರೆ 32 ಬಿಟ್, 64 ಬಿಟ್ ನೋಡಿ. ಹಳೆಯ 32 ಬಿಟ್ ಕಂಟ್ರೋಲ್ 64 ಬಿಟ್ ಔಟ್‌ಲುಕ್‌ನಲ್ಲಿ ಏರುವುದಿಲ್ಲ. ಆಫೀಸ್ 2019ರಿಂದ ಸುಮ್ಮನೆ ಇನ್‌ಸ್ಟಾಲ್ ಮಾಡಿದರೆ ಬರುವುದು 64 ಬಿಟ್ ಆವೃತ್ತಿ. ಹಾಗಾಗಿ ಹೊಸ ಕಂಪ್ಯೂಟರ್‌ನಲ್ಲಿ ಮಾತ್ರ ಕ್ಯಾಲೆಂಡರ್ ಪೆಟ್ಟಿಗೆಯೋ ಇನ್ನೇನೋ ಕಾಣೆಯಾದರೆ ಅಚ್ಚರಿಯಿಲ್ಲ. ಆ ಕಂಟ್ರೋಲ್ ತೆಗೆದು ಔಟ್‌ಲುಕ್‌ನದೇ ದಿನಾಂಕದ ಪೆಟ್ಟಿಗೆ ಹಾಕಿ.

ಆ್ಯಡ್ ಇನ್ (ಔಟ್‌ಲುಕ್‌ಗೆ ಸೇರಿಸಿದ ಹೆಚ್ಚುವರಿ ಪ್ರೋಗ್ರಾಂ) ಒಂದು ಅಡ್ಡ ಬರುತ್ತಿದೆ ಎಂಬ ಅನುಮಾನ ಇದ್ದರೆ ಔಟ್‌ಲುಕ್ ಅನ್ನು ಸೇಫ್ ಮೋಡ್‌ನಲ್ಲಿ, ಅಂದರೆ ಆ್ಯಡ್ ಇನ್‌ಗಳಿಲ್ಲದೆ, ತೆರೆದು ನೋಡಿ. ಅಲ್ಲಿ ಫಾರ್ಮ್ ಸರಿಯಾಗಿ ತೆರೆದರೆ ಆ್ಯಡ್ ಇನ್‌ಗಳನ್ನು ಒಂದೊಂದಾಗಿ ಆಫ್ ಮಾಡುತ್ತಾ ಹೋಗಿ.

ಇಷ್ಟೆಲ್ಲಾ ಆದ ಮೇಲೂ ಪರ್ಸನಲ್ ಲೈಬ್ರರಿಯ ಫಾರ್ಮ್ ಮಾತ್ರ ಹಠ ಮಾಡುತ್ತಿದ್ದರೆ, ಆ ಲೈಬ್ರರಿ ಎಲ್ಲಿದೆ ಎಂದು ತಿಳಿದಿರಬೇಕು. ಅದು ನಿಮ್ಮ ಇನ್‌ಬಾಕ್ಸ್‌ನಲ್ಲಿ, ಕಣ್ಣಿಗೆ ಕಾಣದ ಅಡಗಿದ ಐಟಂಗಳ ರೂಪದಲ್ಲಿದೆ. ಅದರಲ್ಲಿ ಒಂದು ಕೆಟ್ಟರೆ ಫಾರ್ಮ್ಸ್ ಕಿಟಕಿಯಿಂದ ಡಿಲೀಟ್ ಮಾಡಲೂ ಆಗದೆ ಹೋಗಬಹುದು. ಹೊಸ ಔಟ್‌ಲುಕ್ ಪ್ರೊಫೈಲ್ ಮಾಡಿದರೂ ತೊಂದರೆ ಹೋಗದಿರುವುದು ಈ ಕಾರಣಕ್ಕೇ, ಯಾಕೆಂದರೆ ಐಟಂ ಮೇಲ್‌ಬಾಕ್ಸ್‌ನಲ್ಲೇ ಇದೆ. ಮತ್ತೆ ಎಂಎಫ್‌ಸಿ ಮ್ಯಾಪಿ ತೆಗೆದು, ಇನ್‌ಬಾಕ್ಸ್‌ನ ಅಸೋಸಿಯೇಟೆಡ್ ಕಂಟೆಂಟ್ಸ್ ಪಟ್ಟಿ ತೆರೆದು, ಫಾರ್ಮ್ಸ್ ಡಿಸ್ಕ್ರಿಪ್ಷನ್ ಎಂದು ಕೊನೆಯಾಗುವ ಕ್ಲಾಸ್‌ನ ಐಟಂಗಳಲ್ಲಿ ನಿಮ್ಮ ಫಾರ್ಮ್‌ನ ಹೆಸರು ಹುಡುಕಿ ಅದೊಂದನ್ನೇ ತೆಗೆಯಬೇಕು. ಆಮೇಲೆ ಕ್ಯಾಶ್ ಖಾಲಿ ಮಾಡಿ, ಮೊದಲೇ ಉಳಿಸಿಟ್ಟ ಒಎಫ್‌ಟಿ ಫೈಲ್‌ನಿಂದ ಮತ್ತೆ ಪಬ್ಲಿಷ್ ಮಾಡಿ.

ಆ ಒಎಫ್‌ಟಿ ಫೈಲ್ ಇಲ್ಲದಿದ್ದರೆ ಫಾರ್ಮ್ ಮತ್ತೆ ಮೊದಲಿನಿಂದ ಕಟ್ಟಬೇಕಾಗುತ್ತದೆ. ಆದ್ದರಿಂದ ಫಾರ್ಮ್ ಇನ್ನೂ ಚೆನ್ನಾಗಿ ಓಡುತ್ತಿರುವಾಗಲೇ, ಪ್ರತಿ ಆವೃತ್ತಿಯನ್ನೂ ಅದರ ಸಂಖ್ಯೆ ಹಾಕಿ ಒಎಫ್‌ಟಿಯಾಗಿ ಉಳಿಸಿ. ಪಕ್ಕದಲ್ಲೇ ಒಂದು ಸಾದಾ ಪಠ್ಯ ಫೈಲ್ ಇಟ್ಟು ಅದರಲ್ಲಿ ಮೆಸೇಜ್ ಕ್ಲಾಸ್, ಎಲ್ಲಿ ಪಬ್ಲಿಷ್ ಆಗಿದೆ, ಯಾವ ಫೀಲ್ಡ್ ಯಾವ ಬಗೆಯದು, ಪೂರ್ತಿ ಸ್ಕ್ರಿಪ್ಟ್, ಇಷ್ಟನ್ನೂ ಬರೆದಿಡಿ. ವಿಬಿಸ್ಕ್ರಿಪ್ಟ್ ಹೋಗುವ ದಿನ ಇದೇ ಕೆಲಸವನ್ನು ಬೇರೆ ಸಾಧನದಲ್ಲಿ ಮಾಡುವವರು ಮೊದಲು ಕೇಳುವುದು ಆ ಫೈಲನ್ನೇ.